‘ಷೇನ್’ ಚಲಚ್ಚಿತ್ರದಲ್ಲಿ ನೀರಿನ ಹಕ್ಕಿನ ಪ್ರಶ್ನೆ

ಜಾರ್ಜ್ ಸ್ಟೀವನ್ಸ್ ನಿರ್ದೇಶಿಸಿದ ‘ಷೇನ್’ ಎಂಬ ಚಲಚ್ಚಿತ್ರವು ೧೯೫೩ರಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ತೆರೆಕಂಡಿತು. ಜಾಕ್ ಷೇಫರ್ ಅವರು ೧೯೪೯ರಲ್ಲಿ ಪ್ರಕಟಿಸಿದ ಅದೇ ಹೆಸರಿನ ಕಾದಂಬರಿಯೇ ಇದಕ್ಕೆ ಮೂಲ. ಚಿತ್ರಕಥೆಯನ್ನು ಬರೆದವರು ಎ. ಬಿ. ಗತ್ರಿ, ಪಶ್ಚಿಮ ಅಮೆರಿಕದ ಚರಿತ್ರೆಯನ್ನು ಕಾದಂಬರಿಗಳ ವಸ್ತುವನ್ನಾಗಿ ಮಾಡಿಕೊಂಡು, ೧೯೫೦ರಲ್ಲಿ ಪುಲಿಟ್ಜರ್ ಪಾರಿತೋಷಕವನ್ನು ಪಡೆದಿದ್ದ ಲೇಖಕರು. ಬಯಲುಸೀಮೆಯ ದನಗಾಹಿಗಳನ್ನೂ ಸವಾರರನ್ನೂ ಕುರಿತ ‘ವೆಸ್ಟರ್ನ್’ ಎಂಬ ಚಿತ್ರಪ್ರಕಾರದಲ್ಲಿ ಈ ಕೃತಿಗೆ ಅಗ್ರಸ್ಥಾನವನ್ನು ಕೊಡುವ ವಿಮರ್ಶಕರು ಅನೇಕರಿದ್ದಾರೆ.

ಕಥೆ ಸರಳವಾದುದು. ವಯೋಮಿಂಗ್ ಪ್ರಾಂತದ ಒಂದು ಕಣಿವೆಯನ್ನು ರೂಫಸ್ ರೈಕರ್ ಎಂಬ ರಾಂಚಿನ ಒಡೆಯ ತನ್ನ ದನಗಳ ಮೇವುನೆಲವೆಂದು ಬಹುಕಾಲದಿಂದ ಭಾವಿಸಿಕೊಂಡಿದ್ದಾನೆ. (ನೂರಾರು, ಕೆಲವೆಡೆ ಸಾವಿರಾರು ದನಗಳನ್ನು ವಿಸ್ತಾರವಾದ ಹುಲ್ಲುಗಾವಲಿನಲ್ಲಿ ಬಿಟ್ಟು ಮಾರಾಟಕ್ಕಾಗಿ ಬೆಳೆಸುವ ಉದ್ಯಮಕ್ಕೆ ಅಲ್ಲಿ ರಾಂಚು ಎಂದು ಹೆಸರು.) ಜೋ ಸ್ಟ್ಯಾರೆಟ್ ಮೊದಲಾದ ಕೆಲವು ಬಡ ಸಂಸಾರಗಳು ಸರ್ಕಾರದ ಕಾಯಿದೆಯನ್ನು ನಂಬಿ ಅದೇ ಕಣಿವೆಯಲ್ಲಿ ಒಕ್ಕಲು ಹೂಡಿ, ಬೇಲಿ ಕಟ್ಟಿ, ಉತ್ತು ಬಿತ್ತುತ್ತಿವೆ. ಷೇನ್ ಎಂಬ ಅಪರಿಚಿತ ಸವಾರ ಅಲ್ಲಿಗೆ ಬಂದು ಸ್ಟ್ಯಾರೆಟ್ಟನ ಮನೆಯಲ್ಲಿ ಆಳಾಗಿ ನಿಲ್ಲುತ್ತಾನೆ. ರೈಕರನು ವಿಲ್ಸನ್ ಎಂಬ ಕೂಲಿ ಕೊಲೆಗಾರನನ್ನು ಕರೆಸುತ್ತಾನೆ. ಟಾರಿ ಎಂಬ ಒಕ್ಕಲಿನವನು ಪೇಟೆಯ ಬೀದಿಯ ಕೆಸರಿನಲ್ಲಿ ಗುಂಡೇಟಿಗೆ ಬಲಿಯಾಗುತ್ತಾನೆ. ಕೊನೆಯಲ್ಲಿ ಷೇನ್ ಮತ್ತೆ ಪಿಸ್ತೂಲನ್ನು ತೊಟ್ಟು ವಿಲ್ಸನನನ್ನೂ ರೈಕರನನ್ನೂ ಕೊಂದು, ತಾನೂ ಗಾಯಗೊಂಡು, ಬಾಲಕ ಜೋಯಿ ಕೂಗಿ ಕರೆಯುತ್ತಿದ್ದರೂ ಬೆಟ್ಟದ ಕಡೆಗೆ ಸಾಗಿಹೋಗುತ್ತಾನೆ.

ಈ ಕಥೆಯನ್ನು ಸಾಮಾನ್ಯವಾಗಿ ಧರ್ಮಾಧರ್ಮಗಳ ಹೋರಾಟವೆಂದೂ, ಮಧ್ಯಯುಗದ ವೀರಯೋಧರ ಆಖ್ಯಾನಗಳ ಹೊಸ ಅವತಾರವೆಂದೂ ವ್ಯಾಖ್ಯಾನಿಸುವುದುಂಟು. ಅದಕ್ಕೆ ಚಿತ್ರದಲ್ಲಿ ಸಾಕಷ್ಟು ಆಧಾರವೂ ಇದೆ. ಆದರೆ ಈ ವ್ಯಾಖ್ಯಾನದ ಭರದಲ್ಲಿ, ಚಿತ್ರದ ನಡುವೆ ಬರುವ ಒಂದು ಸಂಭಾಷಣೆಗೆ ಸಲ್ಲಬೇಕಾದ ಗಮನ ಸಂದಿಲ್ಲ. ಇತಿಹಾಸ ಮತ್ತು ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಅಂತಿಮ ದ್ವಂದ್ವಯುದ್ಧಕ್ಕಿಂತ ಆ ಸಂಭಾಷಣೆಯೇ ಹೆಚ್ಚು ಬೋಧಪ್ರದವಾದುದು.

ಜುಲೈ ನಾಲ್ಕರ ಸ್ವಾತಂತ್ರ್ಯೋತ್ಸವವನ್ನು ಮುಗಿಸಿಕೊಂಡು ಸ್ಟ್ಯಾರೆಟ್ ದಂಪತಿಗಳು ರಾತ್ರಿ ಮನೆಗೆ ಹಿಂದಿರುಗುವಾಗ ರೈಕರನು ತನ್ನವರೊಡನೆ ಅಂಗಳದಲ್ಲಿ ಕಾದಿರುತ್ತಾನೆ. ಅವನು ಬಂದುದು ಜಗಳಕ್ಕಲ್ಲ, ಸಂಧಾನಕ್ಕೆ. ತನ್ನ ಬಳಿ ಕೆಲಸಕ್ಕೆ ಬಂದರೆ ಒಳ್ಳೆಯ ಸಂಬಳ ಕೊಡುವೆನೆಂದೂ, ಸ್ಟ್ಯಾರೆಟ್ಟನ ದನಗಳು ತನ್ನ ದನಗಳೊಡನೆಯೇ ಮೇಯಬಹುದೆಂದೂ ಹೇಳುತ್ತಾನೆ. ತನ್ನ ಹಕ್ಕಿನ ಮಾತು ಬಂದಾಗ ರೈಕರನ ದನಿ ಬದಲಾಗುತ್ತದೆ. ಈ ನಾಡನ್ನು ಮಾಡಿದವರು ನಾವು. ರಕ್ತವನ್ನು ಸುರಿಸಿ, ಹಸಿವನ್ನು ತಾಳಿ ಇದನ್ನು ವಾಸಯೋಗ್ಯವಾಗಿ ಮಾಡಿದೆವು. ಷೈಯೆನ್ ಜನರ ಬಾಣ ಹೊಕ್ಕ ಭುಜ ನನಗೆ ಇಂದಿಗೂ ನೋಯುತ್ತದೆ. ಎಲ್ಲ ಮುಗಿದ ಮೇಲೆ ನೀವು ಬಂದು ಬೇಲಿ ಹಾಕಿ ನನ್ನನ್ನು ನೀರಿನಿಂದ ದೂರ ಮಾಡುತ್ತೀರಿ. ಕಾಲುವೆಗಳನ್ನು ತೋಡಿ ನೀರನ್ನು ತಿರುಗಿಸಿಕೊಳ್ಳುತ್ತೀರಿ. ಹೊಳೆ ಬತ್ತಿ ನಾನು ದನಗಳನ್ನು ಬೇರೆಡೆಗೆ ಅಟ್ಟಬೇಕಾಗುತ್ತದೆ. ಇದು ಅವನ ವಾದದ ಸಾರಾಂಶ. ಸ್ಟ್ಯಾರೆಟ್ಟನ ಉತ್ತರವೂ ಸಾಮಾನ್ಯವಾದುದಲ್ಲ. ನಿನಗಿಂತ ಮೊದಲು ಬೇಟೆಗಾರರೂ ವ್ಯಾಪಾರಿಗಳೂ ಇದ್ದರು, ಅವರೂ ಈ ನಾಡಿಗಾಗಿ ಕಷ್ಟಪಟ್ಟರು. ಇನ್ನೊಬ್ಬರಿಗೆ ಹಕ್ಕೇ ಇಲ್ಲವೆನ್ನುವ ಹಕ್ಕು ನಿನಗಿದೆಯೆಂದು ನೀನು ತಿಳಿದಿದ್ದೀಯೆ. ಸರ್ಕಾರ ಹಾಗೆ ತಿಳಿದಿಲ್ಲ ಎನ್ನುತ್ತಾನೆ. ಇವರಿಬ್ಬರ ಮಾತು ನಡೆಯುತ್ತಿರುವಾಗ ವಿಲ್ಸನ್ ಮತ್ತು ಷೇನ್ ಒಂದು ಮಾತನ್ನೂ ಆಡದೆ ಒಬ್ಬರನ್ನೊಬ್ಬರು ಅಳೆಯುತ್ತಿರುತ್ತಾರೆ. ವಾದ ಸೋತರೆ ಮುಂದೇನೆಂಬುದನ್ನು ನಿರ್ದೇಶಕರು ಹೀಗೆ ಮೌನವಾಗಿಯೇ ಸೂಚಿಸಿದ್ದಾರೆ.

ಎಮಿಲ್ ಮೇಯರ್ ಎಂಬ ನಟ ರೈಕರನ ಮಾತುಗಳಿಗೆ ಕೊಟ್ಟಿರುವ ಘನತೆಯನ್ನು ಮೆಚ್ಚಲೇಬೇಕು. ಪ್ರತಿನಾಯಕನಿಗೆ ತನ್ನ ಪಕ್ಷವನ್ನು ಮಂಡಿಸಲು ಇಷ್ಟು ಅವಕಾಶವಿತ್ತ ವೆಸ್ಟರ್ನ್ ಚಿತ್ರಗಳು ವಿರಳ. ಅವನ ಮಾತಿನಲ್ಲಿ ರಕ್ತ, ಬಾಣ, ಪರಿಶ್ರಮಗಳ ಭಾಗ ಭಾವೋದ್ದೀಪಕವಾದುದರಿಂದ ಪ್ರೇಕ್ಷಕರ ನೆನಪಿನಲ್ಲಿ ಉಳಿಯುತ್ತದೆ. ಕಾಲುವೆಯ ಮಾತು ಜಾರಿಹೋಗುತ್ತದೆ. ಅದಕ್ಕೆ ಚಿತ್ರದ ಸೌಂದರ್ಯವೇ ಒಂದು ಕಾರಣ. ಚಿತ್ರೀಕರಣ ನಡೆದುದು ವಯೋಮಿಂಗಿನ ಜಾಕ್ಸನ್ ಹೋಲ್ ಎಂಬ ಎತ್ತರದ ಕಣಿವೆಯಲ್ಲಿ. ಹಿನ್ನೆಲೆಯಲ್ಲಿ ಹಿಮವನ್ನು ಹೊತ್ತ ಟೀಟನ್ ಶಿಖರಗಳು, ಮುಂದೆ ಹಸುರು ಬಯಲು, ತುಂಬಿ ಹರಿಯುವ ತೊರೆ. ಈ ದೃಶ್ಯಗಳನ್ನು ಸೆರೆಹಿಡಿದ ಲಾಯಲ್ ಗ್ರಿಗ್ಸ್ ಅವರಿಗೆ ವರ್ಣಛಾಯಾಗ್ರಹಣಕ್ಕಾಗಿ ಅಕಾಡೆಮಿ ಪಾರಿತೋಷಕ ದೊರೆಯಿತು. ಅದು ಯೋಗ್ಯವಾದ ಪುರಸ್ಕಾರವೇ. ಆದರೆ ಅಂತಹ ಕಣಿವೆಯಲ್ಲಿ ಹೊಳೆ ಬತ್ತುವುದೆಂದರೆ ನೋಡುವವನು ಹೇಗೆ ನಂಬಬೇಕು? ಕಿವಿಗೆ ಕೇಳಿಸುವ ನೀರಿನ ಕೊರತೆಯನ್ನು ಕಣ್ಣು ಅಲ್ಲಗಳೆಯುತ್ತದೆ.

ವಾಸ್ತವವಾಗಿ ವಯೋಮಿಂಗಿನ ಬಹುಭಾಗ ಒಣಭೂಮಿ. ಅಮೆರಿಕದ ಭೂಪಟದಲ್ಲಿ ನೂರನೆಯ ಪಶ್ಚಿಮ ರೇಖಾಂಶವನ್ನು ಸ್ಥೂಲವಾಗಿ ಒಂದು ಎಲ್ಲೆಯೆಂದು ಎಣಿಸಬಹುದು. ಅದರ ಪೂರ್ವಕ್ಕೆ ವರ್ಷಕ್ಕೆ ೨೦ ಅಂಗುಲಕ್ಕೆ ಮೇಲ್ಪಟ್ಟು ಮಳೆಯಾಗುತ್ತದೆ. ಪಶ್ಚಿಮಕ್ಕೆ, ಶಾಂತಸಾಗರದ ತೀರವನ್ನೂ ಎತ್ತರದ ಪರ್ವತಗಳನ್ನೂ ಬಿಟ್ಟರೆ, ಅದಕ್ಕಿಂತ ಕಡಮೆ. ವಯೋಮಿಂಗಿನ ಬಯಲುಗಳಲ್ಲಿ ೧೫ ಅಂಗುಲವೂ ಬೀಳದ ಸ್ಥಳಗಳೇ ಹೆಚ್ಚು. ಮಳೆಯನ್ನೇ ನಂಬಿದ ಬೇಸಾಯಕ್ಕೆ ಇದು ಸಾಲದು. ಹುಲ್ಲಾದರೂ ವಿರಳವಾಗಿಯೇ ಬೆಳೆಯುತ್ತದೆ. ಒಂದು ಹಸುವನ್ನು ವರ್ಷಪೂರ್ತಿ ಸಾಕಲು ೩೦ ಎಕರೆ ನೆಲ ಬೇಕಾಗುವ ಕಡೆಗಳುಂಟು.

ಇಂತಹ ಭೂಮಿಗೆ ಅಮೆರಿಕದ ಸಂಸತ್ತು ಮಾಡಿದ ಕಾಯಿದೆ ಯಾವುದು? ೧೮೬೨ರ ಮೇ ೨೦ರಂದು ಲಿಂಕನ್ನರ ಅಂಕಿತವನ್ನು ಪಡೆದ ಹೋಮ್‌ಸ್ಟೆಡ್ ಕಾಯಿದೆಯು, ಐದು ವರ್ಷ ನೆಲದ ಮೇಲೆ ವಾಸಿಸಿ ಸಾಗುವಳಿ ಮಾಡಿದ ಸಂಸಾರಕ್ಕೆ ೧೬೦ ಎಕರೆಯನ್ನು ಅಲ್ಪ ಶುಲ್ಕದ ಮೇಲೆ ಕೊಡುತ್ತಿದ್ದಿತು. ಮಳೆ ಸಮೃದ್ಧವಾಗಿದ್ದ ಇಲಿನಾಯ್, ಅಯೋವಾಗಳಲ್ಲಿ ೧೬೦ ಎಕರೆಯೆಂದರೆ ಒಂದು ಸಂಸಾರ ನೆಮ್ಮದಿಯಾಗಿ ಬಾಳಬಹುದಾದ ಹಿಡುವಳಿ. ಅದೇ ಅಳತೆಯನ್ನು ವಯೋಮಿಂಗಿಗೆ ಒಯ್ದರೆ ಅದರಲ್ಲಿ ಮೇಯುವುವು ಐದು ಹಸುಗಳು. ನೀರಾವರಿಯಿದ್ದರೆ ೧೬೦ ಎಕರೆ ಒಬ್ಬನ ಕೈಮೀರಿದಷ್ಟು ದೊಡ್ಡದು. ಇಲ್ಲದಿದ್ದರೆ ಬದುಕಲಾರದಷ್ಟು ಚಿಕ್ಕದು. ಪೂರ್ವದ ಹಸಿ ನೆಲದಲ್ಲಿ ಹುಟ್ಟಿದ ಕಾನೂನನ್ನು ಪಶ್ಚಿಮದ ಒಣನೆಲದ ಮೇಲೆ ಹಾಸಿದುದೇ ರೈಕರ್‌–ಸ್ಟ್ಯಾರೆಟ್ಟರ ಜಗಳದ ಮೂಲವೆಂದು ಹೇಳಬಹುದು. ಇಬ್ಬರಲ್ಲಿ ಯಾರೂ ಆ ಕಾನೂನನ್ನು ಮಾಡಿದವರಲ್ಲ.

ಭೂಮಿಗಿಂತ ನೀರು ಮುಖ್ಯವೆಂಬುದನ್ನು ರಾಂಚಿನ ಒಡೆಯರು ಬೇಗನೆ ಅರಿತರು. ದನ ನೀರಿನಿಂದ ಕೆಲವು ಮೈಲಿಗಳಿಗಿಂತ ದೂರ ಹೋಗಿ ಮೇಯಲಾರದು. ಆದುದರಿಂದ ಹೊಳೆಯ ದಂಡೆಯಲ್ಲಿ ಕಿರಿದಾದ ಒಂದು ಪಟ್ಟಿ ಯಾರ ಕೈಯಲ್ಲಿದೆಯೋ ಅದರ ಹಿಂದಿನ ವಿಸ್ತಾರವಾದ ಒಣಬಯಲೂ, ಪತ್ರವಿಲ್ಲದೆ ಕಂದಾಯವಿಲ್ಲದೆ, ಅವರ ಕೈಯಲ್ಲೇ ಇದ್ದಂತೆ. ಬಯಲು ಸರ್ಕಾರದ್ದು, ಆದರೆ ನೀರಿಲ್ಲದೆ ಅದನ್ನು ಬೇರೆ ಯಾರು ತಾನೆ ಬಳಸಿಯಾರು? ಕೆಲವರು ತಮ್ಮ ಕೂಲಿಯಾಳುಗಳ ಹೆಸರಿನಲ್ಲಿ ದಂಡೆಯುದ್ದಕ್ಕೂ ಹೋಮ್‌ಸ್ಟೆಡ್ ಅರ್ಜಿಗಳನ್ನು ಹಾಕಿಸಿ, ಆಮೇಲೆ ಆ ತುಂಡುಗಳನ್ನು ತಾವು ವಹಿಸಿಕೊಂಡರು. ೧೮೭೭ರ ಮರುಭೂಮಿ ಕಾಯಿದೆಯು, ಮೂರು ವರ್ಷಗಳೊಳಗೆ ನೀರು ಹಾಯಿಸುವವನಿಗೆ ಎಕರೆಗೆ ಒಂದೂಕಾಲು ಡಾಲರಿನಂತೆ ೬೪೦ ಎಕರೆಯನ್ನು ಕೊಡುವುದಾಗಿ ಹೇಳಿತು. ಬಕೆಟ್ಟಿನಲ್ಲಿ ನೀರು ತಂದು ನೆಲಕ್ಕೆ ಚೆಲ್ಲಿ, ನೀರು ಹಾಯಿಸಿದೆವೆಂದು ಪ್ರಮಾಣ ಮಾಡಿದವರ ಕಥೆಗಳು ಆ ಕಾಲದಿಂದ ಬಂದುವು. ೧೮೭೪ರ ನವೆಂಬರಿನಲ್ಲಿ ಇಲಿನಾಯಿಯ ಜೋಸೆಫ್ ಗ್ಲಿಡನ್ ಎಂಬಾತ ಮುಳ್ಳುತಂತಿಗೆ ಪೇಟೆಂಟನ್ನು ಪಡೆದ ಮೇಲಂತೂ ಮರವಿಲ್ಲದ ಬಯಲಿನಲ್ಲಿಯೂ ಬೇಲಿ ಸುಲಭಸಾಧ್ಯವಾಯಿತು. ಸರ್ಕಾರದ ಬಯಲಿಗೇ ಬೇಲಿ ಹಾಕಿಕೊಂಡ ದೊಡ್ಡ ಒಡೆಯರನ್ನು ತಡೆಯಲು ೧೮೮೫ರಲ್ಲಿ ಬೇರೊಂದು ಕಾಯಿದೆ ಬೇಕಾಯಿತು. ಬೇಲಿಯನ್ನು ಕುರಿತ ರೈಕರನ ದೂರನ್ನು ಕೇಳುವಾಗ ಇದನ್ನೂ ನೆನೆಯುವುದು ಒಳ್ಳೆಯದು: ಮುಳ್ಳುತಂತಿಯನ್ನು ಮೊದಲು ಎಳೆದವರು ಬಡ ಒಕ್ಕಲಿನವರೇ ಎನ್ನುವಂತಿಲ್ಲ.

ಈ ಅವ್ಯವಸ್ಥೆಯನ್ನು ಮುಂಗಂಡವರಲ್ಲಿ ಜಾನ್ ವೆಸ್ಲಿ ಪವೆಲ್ ಪ್ರಮುಖರು. ಅಂತರ್ಯುದ್ಧದಲ್ಲಿ ಒಂದು ಕೈಯನ್ನು ಕಳೆದುಕೊಂಡು, ೧೮೬೯ರಲ್ಲಿ ಕೊಲರಾಡೊ ನದಿಯನ್ನು ದೋಣಿಗಳಲ್ಲಿ ಇಳಿದು ಶೋಧಿಸಿದ ಭೂವಿಜ್ಞಾನಿ ಇವರು. ಒಣಪ್ರದೇಶಗಳನ್ನು ಕುರಿತು ೧೮೭೮ರಲ್ಲಿ ಸಂಸತ್ತಿಗೆ ಸಲ್ಲಿಸಿದ ವರದಿಯಲ್ಲಿ ಅವರು ಹೇಳಿದುದು ಇಷ್ಟು: ನೀರಾವರಿ ಹಿಡುವಳಿಗೆ ೮೦ ಎಕರೆ ಸಾಕು, ದನಸಾಕಣೆಯ ಹಿಡುವಳಿಗೆ ೨,೫೬೦ ಎಕರೆಯಾದರೂ ಬೇಕು, ಮೋಜಣಿಯವರು ಭೂಮಿಯನ್ನು ಚದುರಂಗದ ಮನೆಗಳಂತೆ ಕೊಯ್ಯುವುದನ್ನು ಬಿಟ್ಟು, ಪ್ರತಿ ಹಿಡುವಳಿಗೂ ಹೊಳೆಯ ಮುಖ ಸಿಕ್ಕುವಂತೆ ಹಂಚಬೇಕು, ನೀರಿನ ಹಕ್ಕು ನೆಲದಿಂದ ಬೇರ್ಪಡಬಾರದು, ಹುಲ್ಲುಗಾವಲನ್ನೂ ನೀರನ್ನೂ ಅಲ್ಲಿನ ಜನ ಒಟ್ಟಾಗಿ ಸೇರಿ ನಿರ್ವಹಿಸಬೇಕು. ಸಂಸತ್ತು ಈ ವರದಿಯನ್ನು ಅಚ್ಚು ಹಾಕಿಸಿತು, ಅನುಷ್ಠಾನಕ್ಕೆ ತರಲಿಲ್ಲ. ೧೮೯೩ರಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ಸೇರಿದ ನೀರಾವರಿ ಮಹಾಸಭೆಯಲ್ಲಿ, ಇರುವ ಭೂಮಿಗೆಲ್ಲ ಸಾಲುವಷ್ಟು ನೀರು ಈ ಪ್ರದೇಶದಲ್ಲಿ ಇಲ್ಲವೆಂದು ಪವೆಲ್ಲರು ಹೇಳಿದಾಗ ಸಭಿಕರು ಅವರನ್ನು ಧಿಕ್ಕರಿಸಿ ಕೂಗಿದರು. ಪವೆಲ್ಲರ ಮಾತು ನಡೆದಿದ್ದರೆ ಸ್ಟ್ಯಾರೆಟ್ಟನಿಗೂ ರೈಕರನಿಗೂ ಆ ರಾತ್ರಿ ಅಂಗಳದಲ್ಲಿ ಮಾತನಾಡಲು ಬೇರೆ ವಿಷಯ ಇರುತ್ತಿದ್ದಿತು.

ಇನ್ನು ನೀರಿನ ಕಾನೂನನ್ನು ನೋಡೋಣ. ಇಂಗ್ಲೆಂಡಿನಿಂದ ಬಂದ ಹಳೆಯ ನ್ಯಾಯದಂತೆ ಹೊಳೆಯ ನೀರಿನ ಬಳಕೆ ದಂಡೆಯ ಭೂಮಿಯುಳ್ಳವರೆಲ್ಲರ ಸಮಾನ ಹಕ್ಕು. ಯಾರೂ ಅದರ ಹರಿವನ್ನು ಮಿತಿಮೀರಿ ಕುಗ್ಗಿಸಬಾರದು. ಇದನ್ನು ದಂಡೆಯ ಹಕ್ಕು ಎನ್ನಬಹುದು. ನೀರು ಹೇರಳವಾಗಿರುವ ದೇಶಕ್ಕೆ ಇದು ಹೊಂದುತ್ತದೆ. ಕ್ಯಾಲಿಫೋರ್ನಿಯದಲ್ಲಿ ೧೮೪೮ರ ಬಳಿಕ ಚಿನ್ನವನ್ನು ಅರಸಿ ಬಂದವರಿಗೆ ಇದು ಹೊಂದಲಿಲ್ಲ. ಚಿನ್ನವಿದ್ದ ಗುಡ್ಡ ಒಂದು ಕಡೆ, ಅದನ್ನು ತೊಳೆಯಲು ಬೇಕಾದ ನೀರು ಇನ್ನೊಂದು ಕಡೆ. ನೆಲವಂತೂ ಯಾರದೂ ಅಲ್ಲ. ಗಣಿಯನ್ನು ಮೊದಲು ಗುರುತಿಸಿದವನಿಗೆ ಗಣಿ ಸೇರುವಂತೆ, ನೀರನ್ನು ಮೊದಲು ತಿರುಗಿಸಿ ಬಳಸಿದವನಿಗೆ ಆ ನೀರು ಎಂಬ ಕಟ್ಟಳೆಯನ್ನು ಅವರು ಮಾಡಿಕೊಂಡರು. ೧೮೫೫ರಲ್ಲಿ ಕ್ಯಾಲಿಫೋರ್ನಿಯದ ಸರ್ವೋಚ್ಚ ನ್ಯಾಯಾಲಯ ಇದನ್ನು ಅಂಗೀಕರಿಸಿತು. ಪೂರ್ವಬಳಕೆಯ ತತ್ತ್ವವೆಂದು ಇದನ್ನು ಕರೆಯೋಣ.

ಕೊಲರಾಡೊದಲ್ಲಿ ಈ ತತ್ತ್ವ ಪೂರ್ಣರೂಪವನ್ನು ತಾಳಿತು. ಲೆಫ್ಟ್ ಹ್ಯಾಂಡ್ ಕಾಲುವೆ ಕಂಪನಿಯವರು ಸೇಂಟ್ ವ್ರೇನ್ ಎಂಬ ಹೊಳೆಯ ನೀರನ್ನು ಗುಡ್ಡದ ಏಣನ್ನು ದಾಟಿಸಿ ಬೇರೊಂದು ಹಳ್ಳದ ಬಯಲಿಗೆ ಒಯ್ಯುತ್ತಿದ್ದರು. ೧೮೭೯ರ ಬರಗಾಲದಲ್ಲಿ ಸೇಂಟ್ ವ್ರೇನ್ ಹೊಳೆಯ ದಂಡೆಯ ರೈತರು, ನಮ್ಮ ಕಣ್ಣೆದುರಿನ ನೀರು ನಮಗಿಲ್ಲವೆ ಎಂದು, ಆ ಕಂಪನಿಯ ಒಡ್ಡಿನ ಒಂದು ಭಾಗವನ್ನು ಕಿತ್ತೆಸೆದರು. ೧೮೮೨ರಲ್ಲಿ ಬಂದ ತೀರ್ಪು ಕಂಪನಿಯ ಪರವಾಯಿತು. ದಂಡೆಯಲ್ಲಿರುವುದು ಮುಖ್ಯವಲ್ಲ, ಮೊದಲು ಬಳಸಿದುದೇ ಮುಖ್ಯವೆಂದು ನ್ಯಾಯಾಲಯ ಸಾರಿತು.

ಇದರ ಕಾಠಿಣ್ಯ ಮೇಲುನೋಟಕ್ಕೆ ತೋರದು. ಒಂದು ಉದಾಹರಣೆಯಿಂದ ಸ್ಪಷ್ಟವಾದೀತು. ಮೊದಲು ಬಂದವನಿಗೆ ಹತ್ತು ಪಾಲು ನೀರಿನ ಹಕ್ಕಿದೆ, ಐದು ವರ್ಷ ತಡವಾಗಿ ಬಂದವನಿಗೆ ಐದು ಪಾಲಿನ ಹಕ್ಕಿದೆ ಎಂದು ಭಾವಿಸೋಣ. ಬೇಸಗೆಯಲ್ಲಿ ಹೊಳೆ ಇಳಿದು ಹತ್ತೇ ಪಾಲು ಉಳಿದರೆ ಇಬ್ಬರೂ ಕೊರತೆಯನ್ನು ಹಂಚಿಕೊಳ್ಳುವುದಿಲ್ಲ. ಮೊದಲಿನವನಿಗೆ ಹತ್ತೂ ಸಲ್ಲುತ್ತವೆ. ಎರಡನೆಯವನ ಕಾಲುವೆ ಪೂರ್ತಿ ಒಣಗುತ್ತದೆ. ಅವನ ಬೆಳೆ ತೆನೆ ಹೊತ್ತು ನಿಂತಿದ್ದರೂ ಅಷ್ಟೆ.

ವಯೋಮಿಂಗ್ ಈ ತತ್ತ್ವವನ್ನು ತನ್ನ ಸಂವಿಧಾನದಲ್ಲಿಯೇ ಬರೆದುಕೊಂಡಿತು. ಆ ಸಂವಿಧಾನದ ಕರಡು ೧೮೮೯ರ ಸೆಪ್ಟೆಂಬರಿನಲ್ಲಿ ಸಿದ್ಧವಾಯಿತು. ೧೮೯೦ರ ಜುಲೈ ೧೦ರಂದು ವಯೋಮಿಂಗ್ ಸಂಸ್ಥಾನದ ಪದವಿಯನ್ನು ಪಡೆಯಿತು. ಷೇಫರ್ ಅವರ ಕಾದಂಬರಿ ನಡೆಯುವುದು ೧೮೮೯ರ ಬೇಸಗೆಯಲ್ಲಿ ಎಂಬುದನ್ನು ಇಲ್ಲಿ ಗಮನಿಸಬೇಕು. ಕಣಿವೆಯಲ್ಲಿ ರೈಕರನೂ ಸ್ಟ್ಯಾರೆಟ್ಟನೂ ಹಕ್ಕನ್ನು ಕುರಿತು ವಾದಿಸುತ್ತಿದ್ದ ಆ ಕಾಲದಲ್ಲಿಯೇ ರಾಜಧಾನಿ ಷೈಯೆನ್ ನಗರದಲ್ಲಿ ಅದಕ್ಕೆ ಉತ್ತರ ಸಿದ್ಧವಾಗುವುದರಲ್ಲಿತ್ತು. ಅದರಂತೆ ಹೊಳೆ ಕೆರೆಗಳ ನೀರೆಲ್ಲ ಸಂಸ್ಥಾನದ ಸ್ವತ್ತು. ಸಾರ್ಥಕವಾದ ಬಳಕೆಯಲ್ಲಿ ಮೊದಲಿಗನಾದವನಿಗೆ ಮೇಲಾದ ಹಕ್ಕು. ಇದನ್ನು ಕಾರ್ಯರೂಪಕ್ಕೆ ತಂದವರು ೧೮೮೮ರಿಂದ ಪ್ರಾಂತದ, ೧೮೯೦ರಿಂದ ಸಂಸ್ಥಾನದ ಎಂಜಿನಿಯರಾಗಿದ್ದ ಎಲ್ವುಡ್ ಮೀಡ್. (ಹೂವರ್ ಅಣೆಕಟ್ಟಿನ ಹಿಂದಿನ ಮೀಡ್ ಸರೋವರಕ್ಕೆ ಇವರ ಹೆಸರೇ ಉಳಿದಿದೆ.) ಹೊಳೆ ಹೊಳೆಯನ್ನೂ ಅಳೆಯಿಸಿ, ಯಾರು ಯಾವ ವರ್ಷದಿಂದ ಎಷ್ಟು ನೀರನ್ನು ಯಾವ ನೆಲಕ್ಕೆ ಹಾಯಿಸಿದ್ದಾರೆಂಬುದನ್ನು ದಾಖಲೆ ಮಾಡಿಸಿದರು.

ಈ ಅಳತೆಗೋಲಿನಿಂದ ರೈಕರನ ವಾದವನ್ನು ಅಳೆದರೆ ಕುತೂಹಲಕರವಾದ ಫಲ ದೊರೆಯುತ್ತದೆ. ನಾನು ಮೊದಲು ಬಂದೆ ಎಂಬ ಅವನ ಮಾತು ಆ ನಾಡಿನ ಕಾನೂನಿನ ಜೀವಾಳವೇ ಆಗಿದ್ದಿತು. ಅದನ್ನು ಬರಿಯ ದುರಹಂಕಾರವೆನ್ನಲಾಗದು. ಆದರೆ ಆ ಕಾನೂನು ‘ಮೊದಲು’ ಎಂಬುದನ್ನು ಬಾಣದ ಗಾಯದಿಂದ ನಿರ್ಣಯಿಸುತ್ತಿರಲಿಲ್ಲ. ನೀರನ್ನು ಹೊಳೆಯಿಂದ ತಿರುಗಿಸಿ ಒಯ್ದುದಕ್ಕೆ ಸಾಕ್ಷಿ ಬೇಕು. ಸಾಮಾನ್ಯವಾಗಿ ಆ ಸಾಕ್ಷಿ ಕಾಲುವೆಯೇ. ದನಗಳು ತಾವಾಗಿ ಹೊಳೆಗಿಳಿದು ಕುಡಿದು ಬಂದರೆ ಅಷ್ಟು ದೃಢವಾದ ಗುರುತು ಉಳಿಯುವುದಿಲ್ಲ. ರೈಕರನು ಅಪರಾಧವೆಂದು ಎತ್ತಿ ತೋರಿಸುವ ಆ ಕಾಲುವೆಗಳೇ ಕಾನೂನಿನ ಕಣ್ಣಿಗೆ ಒಕ್ಕಲಿನವರ ಹಕ್ಕುಪತ್ರಗಳು. ಇದರ ಇನ್ನೊಂದು ಮುಖವೂ ಇದೆ. ರೈಕರನು ಮೊದಲೇ ತನ್ನ ಒಣಹುಲ್ಲಿನ ಗದ್ದೆಗೆ ಒಂದು ಕಾಲುವೆಯನ್ನು ತೋಡಿಸಿ, ಅದನ್ನು ಮೀಡರ ಕಛೇರಿಯಲ್ಲಿ ದಾಖಲು ಮಾಡಿಸಿದ್ದರೆ, ಮುಂದಿನ ಬರಗಾಲದಲ್ಲಿ ಸ್ಟ್ಯಾರೆಟ್ಟನ ಕಾಲುವೆಯನ್ನು ನ್ಯಾಯವಾಗಿಯೇ ಒಣಗಿಸಬಹುದಾಗಿದ್ದಿತು. ವಿಲ್ಸನನಿಗೆ ಹಣ ತೆರುವ ಅಗತ್ಯವೇ ಇರಲಿಲ್ಲ. ನಿಜವಾದ ರಾಂಚಿನ ಒಡೆಯರಲ್ಲಿ ಅನೇಕರು ಈ ಉಪಾಯವನ್ನು ಬಲ್ಲವರಾಗಿದ್ದರು. ಹಳೆಯ ತೇದಿಯ ಹಕ್ಕುಗಳು ಎಷ್ಟೋ ಕಡೆ ದೊಡ್ಡ ರಾಂಚುಗಳಿಗೇ ಸೇರಿದುವು. ಬಂದೂಕನ್ನು ಹಿಡಿದವನು ಸೋಲುತ್ತಾನೆಂದು ಚಿತ್ರ ತೋರಿಸುತ್ತದೆ. ದಫ್ತರವನ್ನು ಹಿಡಿದವನು ಗೆದ್ದುದು ಚಿತ್ರದ ಹೊರಗೆ ಉಳಿಯುತ್ತದೆ.

ಹಾಗೆಂದು ವಯೋಮಿಂಗಿನಲ್ಲಿ ಬಂದೂಕಿನ ಪ್ರಯೋಗವೇ ಆಗಲಿಲ್ಲವೆಂದಲ್ಲ. ೧೮೮೯ರ ಜುಲೈ ೨೦ರಂದು ಸ್ವೀಟ್‌ವಾಟರ್ ನದಿಯ ಬಳಿ ಎಲ್ಲಾ ವಾಟ್ಸನ್ ಎಂಬ ಹೆಂಗಸನ್ನೂ ಜೇಮ್ಸ್ ಆವರೆಲ್ ಎಂಬಾತನನ್ನೂ ಕೆಲವು ರಾಂಚಿನ ಒಡೆಯರು ಸೇರಿ ಮರಕ್ಕೆ ನೇಣು ಹಾಕಿದರು. ಅವರು ದನಗಳ್ಳರೆಂಬುದು ಹೊರಿಸಿದ ಅಪರಾಧ. ಆದರೆ ಇಬ್ಬರೂ ಹಳ್ಳದ ದಂಡೆಯಲ್ಲಿ ಹೋಮ್‌ಸ್ಟೆಡ್ ಹೂಡಿದ್ದರು; ಆ ನೆಲ ಅಲ್ಲಿಯವರೆಗೆ ಒಬ್ಬ ಒಡೆಯನ ಹುಲ್ಲುಗಾವಲಾಗಿದ್ದಿತು; ದೊಡ್ಡವರ ಭೂಕಬಳಿಕೆಯನ್ನು ಖಂಡಿಸಿ ಆವರೆಲ್ ಪತ್ರಿಕೆಗೆ ಬರೆದಿದ್ದನು. ಯಾರಿಗೂ ಶಿಕ್ಷೆಯಾಗಲಿಲ್ಲ. ೧೮೯೨ರ ಏಪ್ರಿಲಿನಲ್ಲಿ ಇನ್ನೂ ದೊಡ್ಡ ಘಟನೆ ನಡೆಯಿತು. ದೊಡ್ಡ ಒಡೆಯರೂ ಟೆಕ್ಸಾಸಿನಿಂದ ಕರೆತಂದ ಕೂಲಿ ಬಂದೂಕುಗಾರರೂ ಸೇರಿ ಸುಮಾರು ಐವತ್ತು ಮಂದಿ ಜಾನ್ಸನ್ ಕೌಂಟಿಯ ಮೇಲೆ ದಂಡೆತ್ತಿ ಹೋಗಿ, ಏಪ್ರಿಲ್ ೯ರಂದು ನೇಟ್ ಚಾಂಪಿಯನ್ ಮತ್ತು ನಿಕ್ ರೇ ಎಂಬಿಬ್ಬರನ್ನು ಕೊಂದರು. ಸುದ್ದಿ ತಿಳಿದ ಊರವರು ನೂರುಗಟ್ಟಲೆಯಾಗಿ ಆಯುಧಗಳನ್ನು ಹಿಡಿದು ಬಂದು, ಆ ದಂಡನ್ನು ಒಂದು ರಾಂಚಿನಲ್ಲಿ ಮುತ್ತಿಗೆ ಹಾಕಿದರು. ಅಧ್ಯಕ್ಷ ಹ್ಯಾರಿಸನ್ನರು ಕಳುಹಿಸಿದ ಅಶ್ವಸೈನ್ಯ ದಾಳಿಕೋರರನ್ನು ಬಂಧಿಸಿತು. ಅದೇ ಅವರ ಪ್ರಾಣವನ್ನು ಉಳಿಸಿತೆಂದರೂ ಸಲ್ಲುತ್ತದೆ. ಮರುವರ್ಷ ಮೊಕದ್ದಮೆ ವಜಾ ಆಯಿತು.

‘ಷೇನ್’ ಚಿತ್ರದಲ್ಲಿ ಈ ಘಟನೆಗಳ ನೆರಳು ಇದೆ. ಆದರೆ ಅದರ ಒಕ್ಕಲಿನವರು ಅಂಜುಕುಳಿಗಳು. ಪ್ರತಿಯೊಂದು ಆಪತ್ತಿನಲ್ಲಿಯೂ ಗಾಡಿ ಕಟ್ಟಿಕೊಂಡು ಹೊರಡುವ ಮಾತನ್ನಾಡುತ್ತಾರೆ. ಜಾನ್ಸನ್ ಕೌಂಟಿಯವರು ಯಾವ ಅಪರಿಚಿತ ಸವಾರನಿಗೂ ಕಾಯಲಿಲ್ಲ. ಚರಿತ್ರೆಯ ಸಾಮೂಹಿಕ ಸಾಹಸವನ್ನು ಚಿತ್ರವು ಒಬ್ಬನ ಪಿಸ್ತೂಲಿಗೆ ಒಪ್ಪಿಸಿಬಿಟ್ಟಿದೆ. ಕಲೆಯ ದೃಷ್ಟಿಯಿಂದ ಇದಕ್ಕೆ ಸಮರ್ಥನೆ ಇರಬಹುದು; ಚರಿತ್ರೆಯ ವಿದ್ಯಾರ್ಥಿ ಇದನ್ನು ಮರೆಯಬಾರದು.

ನೀರನ್ನು ಕಣ್ಣಿಗೆ ಕಾಣುವಂತೆ ಕಥೆಯ ಕೇಂದ್ರದಲ್ಲಿಟ್ಟ ಚಿತ್ರ ಇನ್ನೊಂದು: ವಿಲಿಯಂ ವೈಲರ್ ಅವರ ‘ದಿ ಬಿಗ್ ಕಂಟ್ರಿ’ (೧೯೫೮). ಇಲ್ಲಿ ಜಗಳವಾಡುವವರು ಮೇಜರ್ ಟೆರಿಲ್ ಎಂಬ ಸಿರಿವಂತ ಮತ್ತು ರೂಫಸ್ ಹ್ಯಾನಸಿ ಎಂಬ ಒರಟು ಬಡಒಡೆಯ, ಇಬ್ಬರೂ ದನ ಸಾಕುವವರೇ. ನಡುವೆ ಬಿಗ್ ಮಡ್ಡಿ ಎಂಬ ರಾಂಚು, ನೀರಿರುವುದು ಅದರಲ್ಲಿ. ಅದರ ಒಡತಿ ಜೂಲಿ ಮರಗಾನ್ ಎಂಬ ಶಾಲೆಯ ಉಪಾಧ್ಯಾಯಿನಿ ಅಜ್ಜನಿಂದ ಅದನ್ನು ಪಡೆದು, ಎರಡೂ ಕಡೆಯ ದನಗಳಿಗೆ ನೀರು ಕುಡಿಯಲು ಬಿಟ್ಟಿದ್ದಾಳೆ. ಮೇಜರನಿಗೆ ಅದನ್ನು ಕೊಂಡು ಹ್ಯಾನಸಿಯ ದನಗಳನ್ನು ಬಾಯಾರಿಸಿ ಕೊಲ್ಲುವ ಆಸೆ. ಹ್ಯಾನಸಿಗೆ ಅದನ್ನು ತನ್ನ ಮಗನ ಮದುವೆಯ ಮೂಲಕ ಪಡೆಯುವ ಆಸೆ. ಪೂರ್ವದಿಂದ ಬಂದ ಮೆಕೇ ಎಂಬ ನಾವಿಕ, ಮುಂದೆಯೂ ಇಬ್ಬರಿಗೂ ನೀರು ಕೊಡುವೆನೆಂಬ ಮಾತಿನ ಮೇಲೆ ಅದನ್ನು ಕ್ರಯಕ್ಕೆ ಕೇಳುತ್ತಾನೆ. ಗ್ರೆಗರಿ ಪೆಕ್ ಈ ಪಾತ್ರವನ್ನು ವಹಿಸಿದ್ದಾರೆ. ಹ್ಯಾನಸಿಯ ಪಾತ್ರಕ್ಕಾಗಿ ಬರ್ಲ್ ಐವ್ಸ್ ಅವರಿಗೆ ಅಕಾಡೆಮಿ ಪಾರಿತೋಷಕ ಬಂದಿತು. ವೈಲರ್ ತೋರಿಸುವ ಬಯಲು ನಿಜವಾಗಿಯೂ ಬಯಲು. ಮನುಷ್ಯರು ಅದರಲ್ಲಿ ಇರುವೆಗಳಂತೆ ಕಾಣುತ್ತಾರೆ. ನೀರಿಗೆ ಏಕೆ ಇಷ್ಟು ಬೆಲೆಯೆಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೂ ಈ ಚಿತ್ರದಲ್ಲಿ ನೀರು ಒಬ್ಬರ ಸೌಜನ್ಯ, ಹಕ್ಕಲ್ಲ. ಅಪ್ಪಣೆಯಿಂದ ಕುಡಿದ ನೀರು ಎಷ್ಟು ವರ್ಷ ಕುಡಿದರೂ ಹಕ್ಕಾಗದು. ಕೊನೆಗೆ ಇಬ್ಬರು ಮುದುಕರೂ ಕಣಿವೆಯಲ್ಲಿ ಪರಸ್ಪರ ಗುಂಡಿಗೆ ಬಲಿಯಾಗುತ್ತಾರೆ. ಮೆಕೇ ಮತ್ತು ಜೂಲಿಯ ಒಳ್ಳೆಯತನವೊಂದೇ ಆ ನಾಡಿನ ಜಲನೀತಿಯಾಗಿ ಉಳಿಯುತ್ತದೆ.

ಮೊದಲಿಗನ ಹಕ್ಕು ಎಂಬ ವಿಚಾರ ನಮಗೆ ಅಪರಿಚಿತವಲ್ಲ. ಜಾನ್ಸನ್ ಕೌಂಟಿಯ ಗಲಭೆಯಾದ ವರ್ಷದಲ್ಲಿಯೇ, ೧೮೯೨ರಲ್ಲಿ, ಮೈಸೂರು ಸಂಸ್ಥಾನಕ್ಕೂ ಮದರಾಸು ಸರ್ಕಾರಕ್ಕೂ ನಡೆದ ಒಪ್ಪಂದದಲ್ಲಿ, ಬಹುಕಾಲದ ಬಳಕೆಯಿಂದ ಬಂದ ಕೆಳನಾಡಿನ ಹಕ್ಕಿನ ರಕ್ಷಣೆಯೇ ಮುಖ್ಯಾಂಶವಾಗಿದ್ದಿತು. ಸಂಸ್ಥಾನ ಸಂಸ್ಥಾನಗಳ ನಡುವಿನ ವ್ಯಾಜ್ಯಗಳಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಬೇರೊಂದು ದಾರಿ ಹಿಡಿಯಿತು. ಸ್ವೀಟ್‌ವಾಟರ್ ಬಂದು ಸೇರುವ ನಾರ್ತ್ ಪ್ಲ್ಯಾಟ್ ನದಿಯನ್ನು ಕುರಿತ ನೆಬ್ರಾಸ್ಕಾ–ವಯೋಮಿಂಗ್ ಮೊಕದ್ದಮೆಯಲ್ಲಿ (೧೯೪೫), ಮೊದಲ ಬಳಕೆಗೆ ಮನ್ನಣೆಯಿತ್ತರೂ ಹವೆ, ಅಗತ್ಯ, ನಷ್ಟ ಮುಂತಾದ ಇತರ ಅಂಶಗಳನ್ನೂ ತೂಗಿ ನ್ಯಾಯೋಚಿತವಾಗಿ ಹಂಚಬೇಕೆಂದು ಹೇಳಿತು. ನ್ಯಾಯೋಚಿತ ಹಂಚಿಕೆಯ ಈ ತತ್ತ್ವವನ್ನೇ ಆಧರಿಸಿ ನಮ್ಮ ಸರ್ವೋಚ್ಚ ನ್ಯಾಯಾಲಯವು ೨೦೧೮ರ ಕಾವೇರಿ ತೀರ್ಪನ್ನು ನೀಡಿತು.

ಸ್ಟ್ಯಾರೆಟ್ಟನ ಉತ್ತರಕ್ಕೆ ಮತ್ತೆ ಬರೋಣ. ನಿನಗಿಂತ ಮೊದಲು ಬೇರೆಯವರಿದ್ದರೆಂದು ಅವನು ರೈಕರನ ಬಾಯಿ ಮುಚ್ಚಿಸುತ್ತಾನೆ. ಅವನು ಹೆಸರಿಸುವ ಆ ಬೇರೆಯವರು ಬಿಳಿಯ ಬೇಟೆಗಾರರೂ ವ್ಯಾಪಾರಿಗಳೂ ಮಾತ್ರ. ರೈಕರನ ಭುಜಕ್ಕೆ ಬಾಣ ಬಿಟ್ಟ ಜನರ ಹಕ್ಕಿನ ಮಾತು ಇಬ್ಬರ ಬಾಯಿಂದಲೂ ಬರುವುದಿಲ್ಲ. ಕಾನೂನೂ ಬಹುಕಾಲ ಇವರಿಬ್ಬರಂತೆಯೇ ಮೌನವಾಗಿದ್ದಿತು. ಮಾಂಟಾನಾದ ಮಿಲ್ಕ್ ನದಿಯ ನೀರನ್ನು ಒಕ್ಕಲಿನವರು ಮೇಲ್ಗಡೆಯೇ ತಿರುಗಿಸಿಕೊಂಡಾಗ, ಕೆಳಗಡೆಯ ಫೋರ್ಟ್ ಬೆಲ್‌ನಾಪ್ ಮೀಸಲುಪ್ರದೇಶದ ಮೂಲನಿವಾಸಿಗಳ ಪರವಾಗಿ ಮೊಕದ್ದಮೆ ನಡೆಯಿತು. ೧೯೦೮ರಲ್ಲಿ ಸರ್ವೋಚ್ಚ ನ್ಯಾಯಾಲಯ, ೧೮೮೮ರಲ್ಲಿ ನೆಲವನ್ನು ಮೀಸಲಿಟ್ಟಾಗಲೇ ಅದಕ್ಕೆ ಬೇಕಾದ ನೀರನ್ನೂ ಮೀಸಲಿಟ್ಟಂತಾಯಿತೆಂದು ತೀರ್ಪು ಕೊಟ್ಟಿತು. ಕಾಲುವೆಯಿಲ್ಲದಿದ್ದರೂ ಹಕ್ಕು ಉಂಟೆಂಬ ಮಾತು ಪೂರ್ವಬಳಕೆಯ ತತ್ತ್ವಕ್ಕೆ ಹೊರಗಿನಿಂದ ಬಿದ್ದ ಪೆಟ್ಟು.

ವಯೋಮಿಂಗಿನಲ್ಲಿ ಈ ಪ್ರಶ್ನೆ ಎದ್ದುದು ಬಹಳ ತಡವಾಗಿ. ವಿಂಡ್ ರಿವರ್ ಮೀಸಲುಪ್ರದೇಶವನ್ನು ಪೂರ್ವ ಷೊಷೋನಿ ಜನರಿಗೆ ೧೮೬೮ರ ಒಪ್ಪಂದ ಬಿಟ್ಟುಕೊಟ್ಟಿತ್ತು. ಹತ್ತು ವರ್ಷದ ಮೇಲೆ ಉತ್ತರ ಅರಪಾಹೊ ಜನರನ್ನೂ ಅಲ್ಲಿಗೆ ತಂದು ನೆಲೆಗೊಳಿಸಲಾಯಿತು. ಅಲ್ಲಿನ ಬಿಗ್ ಹಾರ್ನ್ ನದೀವ್ಯೂಹದ ಎಲ್ಲ ಹಕ್ಕುಗಳನ್ನೂ ನಿರ್ಣಯಿಸಲು ೧೯೭೭ರಲ್ಲಿ ಆರಂಭವಾದ ಮೊಕದ್ದಮೆಯಲ್ಲಿ, ವಯೋಮಿಂಗಿನ ಸರ್ವೋಚ್ಚ ನ್ಯಾಯಾಲಯ ೧೯೮೮ರಲ್ಲಿ ಈ ಜನರಿಗೆ ವರ್ಷಕ್ಕೆ ಸುಮಾರು ಐದು ಲಕ್ಷ ಎಕರೆ–ಅಡಿ ನೀರನ್ನು ೧೮೬೮ರ ತೇದಿಯೊಡನೆ ವಿಧಿಸಿತು. ಒಂದು ಎಕರೆಯ ಮೇಲೆ ಒಂದು ಅಡಿ ಎತ್ತರಕ್ಕೆ ನಿಲ್ಲುವ ನೀರೇ ಎಕರೆ–ಅಡಿ. ಮರುವರ್ಷ ವಾಷಿಂಗ್ಟನ್ನಿನ ನ್ಯಾಯಮೂರ್ತಿಗಳು ಸಮನಾಗಿ ಭಾಗವಾದುದರಿಂದ ಆ ತೀರ್ಪೇ ನಿಂತಿತು. ಅಲ್ಲಿಯ ಪ್ರತಿಯೊಂದು ರಾಂಚಿಗಿಂತಲೂ, ಪ್ರತಿಯೊಂದು ಹೋಮ್‌ಸ್ಟೆಡ್ಡಿಗಿಂತಲೂ ಹಳೆಯ ತೇದಿ ಅದು. ಆದರೆ ಆ ಜನರು ತಮ್ಮ ಪಾಲಿನ ಒಂದು ಭಾಗವನ್ನು ಕಾಲುವೆಗೆ ಹರಿಸದೆ, ಮೀನುಗಳಿಗಾಗಿ ನದಿಯಲ್ಲಿಯೇ ಬಿಡಲು ಬಯಸಿದಾಗ, ೧೯೯೨ರಲ್ಲಿ ಅದೇ ನ್ಯಾಯಾಲಯ ಒಪ್ಪಲಿಲ್ಲ: ಕೊಟ್ಟ ನೀರು ಬೇಸಾಯಕ್ಕಾಗಿ, ಉಪಯೋಗವನ್ನು ಬದಲಾಯಿಸುವುದಾದರೆ ಸಂಸ್ಥಾನದ ಕಾನೂನಿನಂತೆಯೇ ನಡೆಯಬೇಕು. ಮೂವತ್ತೇಳು ವರ್ಷ ನಡೆದ ಆ ಮೊಕದ್ದಮೆಯ ಅಂತಿಮ ಆಜ್ಞೆಗೆ ಅಂಕಿತ ಬಿದ್ದುದು ೨೦೧೪ರಲ್ಲಿ.